ಚಂಪಾವತಿ ಹೇಳಿದ ‘ಬ್ಯಾಡ’

ಚಂಪಾವತಿ ಬಳಿಗಾರ ಜೀವಮಾನದಲ್ಲಿ ಯಾರೊಂದಿಗೂ ಉಪಚಾರದ ಮಾತಾಡಿದವಳಲ್ಲ. ಮನೆಗೆ ಬಂದವರನ್ನು ‘ಚಹಾ ಮಾಡ್ಲೇನು?’ ಎಂದು ಒಂದೇ ಸಲ ಕೇಳುತ್ತಿದ್ದಳು. ಅವರು ಸಂಕೋಚಪಟ್ಟು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಬೇಡ ಎಂದವರ ತಟ್ಟೆಗೆ ಮತ್ತೆರಡು ಸಲ ಬಡಿಸದಿದ್ದರೆ ಮನೆಯವರನ್ನು ಜಿಪುಣರೆಂದು ಆಡಿಕೊಳ್ಳುವ ಹುಬ್ಬಳ್ಳಿಯಂಥ ಊರಿನಲ್ಲಿ ಇದು ಸಣ್ಣ ಅಪರಾಧವಲ್ಲ. ಗಂಡನ ಕಡೆಯ ನೆಂಟರು ಅವಳ ಬೆನ್ನ ಹಿಂದೆ ಬೇಕಾದಷ್ಟು ಮಾತಾಡುತ್ತಿದ್ದರು. ಅವಳು ಸೊಪ್ಪು ಹಾಕುತ್ತಿರಲಿಲ್ಲ.

ಅಂಥವಳು ಈಗ ಮಂಚದ ಮೇಲೆ ಮಲಗಿದ್ದಳು. ಮಿದುಳಿನ ಬುಡದಲ್ಲಿ ರಕ್ತನಾಳ ಕಟ್ಟಿಕೊಂಡು ಕೈ, ಕಾಲು, ನಾಲಿಗೆ ಎಲ್ಲ ಒಮ್ಮೆಲೇ ಹೋಗಿದ್ದವು. ರೆಪ್ಪೆಗಳು ತಮಗೆ ತೋಚಿದಾಗ ಮುಚ್ಚಿ ತೆರೆಯುತ್ತಿದ್ದವು, ಅವಳು ಹೇಳಿದಾಗಲ್ಲ. ಕಣ್ಣುಗುಡ್ಡೆ ಹೊರಳಿಸಲೂ ಬರುತ್ತಿರಲಿಲ್ಲ. ಉಳಿದದ್ದು ತಾನಾಗಿ ನುಂಗುವ ಶಕ್ತಿ, ಎದುರಿನ ನೋಟ, ಕಿವಿ, ಮೂಗು, ಮೈಮೇಲಿನ ಸ್ಪರ್ಶ ಮತ್ತು ಎಳ್ಳಷ್ಟೂ ಮಂಕಾಗದ ಬುದ್ಧಿ. ಹಣೆಯ ಸುತ್ತ ಒಂದು ಮಾತಿನ ಪಟ್ಟಿ ಕಟ್ಟಿದ್ದರು. ಅವಳು ಮನಸ್ಸಿನಲ್ಲಿ ಆಡಿದ್ದನ್ನು ಅದು ಮಿದುಳಿನಿಂದ ಓದಿ, ದಿಂಬಿನ ಪಕ್ಕದ ಪುಟ್ಟ ಸ್ಪೀಕರಿನಿಂದ ಅವಳದೇ ಧ್ವನಿಯಲ್ಲಿ ಹೇಳಬೇಕಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಹೊಸದರಲ್ಲಿ ಗಂಡ ಗುರುಬಸು ಗೋಧಿ ಹುಗ್ಗಿ ಮಾಡಿ, ನುಣ್ಣಗೆ ಅರೆದು, ಚಮಚೆಯಲ್ಲಿ ತಿನ್ನಿಸತೊಡಗಿದ. ಚಂಪಾವತಿಗೆ ಸಿಹಿ ಎಂದರೆ ಆಗದು. ಒಂದು ಚಮಚೆ ತಡೆದುಕೊಂಡಳು. ಎರಡನೆಯದಕ್ಕೆ ಮನಸ್ಸಿನಲ್ಲೇ ‘ಬ್ಯಾಡ’ ಎಂದಳು.

“ಇನ್ನೊಂದ್ ಚೂರು ಹಾಕ್ರಿ,” ಎಂದಿತು ಸ್ಪೀಕರು. “ಭಾಳ ಛಲೋ ಆಗೇತಿ.”

ಗುರುಬಸುವಿನ ಕೈ ಅಲ್ಲೇ ನಿಂತಿತು. ಚಿತ್ರಕಲೆಯ ಮಾಸ್ತರನಾಗಿ ನಿವೃತ್ತನಾದ ಅವನು ಮದುವೆಯಾದಾಗಿನಿಂದ ಅಡಿಗೆಯನ್ನೂ ತಾನೇ ಮಾಡಿಕೊಂಡು ಬಂದವನು. ಇಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಅವನ ಅಡಿಗೆಗೆ ಸಿಕ್ಕ ದೊಡ್ಡ ಹೊಗಳಿಕೆ ಎಂದರೆ ‘ಉಪ್ಪು ಸರಿ ಐತಿ’ ಎನ್ನುವುದು.

“ಖರೇನ?” ಎಂದ. ಅವನ ಕಣ್ಣುಗಳು ತುಂಬಿಬಂದಿದ್ದವು.

‘ಬ್ಯಾಡ ಅಂದೆ, ಕಿವುಡಾ!’ ಎಂದಳು ಚಂಪಾವತಿ.

“ಖರೇನ್ರಿ. ನೀವು ಉಂಡ್ರೇನು?” ಎಂದಿತು ಸ್ಪೀಕರು.

ಅವಳಿಗೆ ಮೊದಲು ನಗು ಬಂತು. ಎಲ್ಲಿ ಎಡವಟ್ಟಾಗಿದೆ ಎಂದು ಅವಳಿಗೆ ತಕ್ಷಣ ಹೊಳೆಯಿತು, ಏಕೆಂದರೆ ಪಟ್ಟಿಯೊಳಗಿನ ‘ಬಯಲು’ ಅವಳ ಕೈಯಾರೆ ಆದದ್ದು. ಇಂಥ ತಪ್ಪನ್ನು ಪ್ರಯೋಗಾಲಯದಲ್ಲಿ ಯಾರಾದರೂ ತಂದು ತೋರಿಸಿದ್ದರೆ ಮಧ್ಯಾಹ್ನದೊಳಗೆ ಸರಿಪಡಿಸುತ್ತಿದ್ದಳು. ಗುರುಬಸು ಬಟ್ಟಲು ಖಾಲಿ ಮಾಡುವ ಹೊತ್ತಿಗೆ ನಗು ಇಂಗಿತ್ತು. ತಪ್ಪನ್ನು ಯಾರಿಗಾದರೂ ಹೇಳಬೇಕೆಂದರೆ ಅದೇ ಪಟ್ಟಿಯ ಮೂಲಕ ಹೇಳಬೇಕು.

ಬಯಲು ಎಂಬುದು ಒಂದು ಆಪರೇಟಿಂಗ್ ಸಿಸ್ಟಮ್. ಕಂಪನಿಗಳ ಮಾತಿನ ಪಟ್ಟಿ ಬಂದ ಕಾಲದಲ್ಲಿ ಅದರೊಳಗೆ ಏನಿದೆಯೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ತಿಂಗಳ ಬಾಡಿಗೆ ನಿಂತರೆ ರೋಗಿಯ ಮಾತೂ ನಿಲ್ಲುತ್ತಿತ್ತು. ಇದನ್ನು ನೋಡಿ ಸಿಟ್ಟಿಗೆದ್ದ ಕೆಲವರು ಊರಾಚೆಯ ಹಳೆಯ ಅರಳೆ ಕಾರ್ಖಾನೆಯೊಂದರಲ್ಲಿ ಕೂಡಿ, ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ, ಬಿಟ್ಟಿಯಾಗಿ ಹಂಚಬಹುದಾದ ಬಯಲನ್ನು ಬರೆದರು. ಬರೆದವರಲ್ಲಿ ಮುಖ್ಯರು ಇಬ್ಬರು, ಚಂಪಾವತಿ ಮತ್ತು ನಜೀರ್ ಮುಲ್ಲಾ.

ಬಯಲು ಬಂತು, ಆದರೆ ಬಳಸುವವರು ಬರಲಿಲ್ಲ. ಅದನ್ನು ಪಟ್ಟಿಗೆ ಹಾಕಬೇಕಾದರೆ ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಟೈಪು ಮಾಡಬೇಕು, ಒಬ್ಬೊಬ್ಬರ ಮಿದುಳಿಗೆ ತಕ್ಕಂತೆ ನೂರೆಂಟು ತಿರುಪು ತಿರುವಬೇಕು. ಮಾಡಬಲ್ಲವರು ಅದನ್ನು ಬರೆದಂಥವರೇ.

“ಹಿಂಗ ಇರ್ಲಿ ಬಾಯಾರ,” ಎನ್ನುತ್ತಿದ್ದ ನಜೀರ್. “ಕಲಿಯೋರು ಕಲೀಲಿ, ಉಳದೋರಿಗೆ ನಾವು ಕಲಿಸೂಣು. ಎಲ್ಲಾರ್ಗೂ ಹೊಂದೂವಂಗ ಮಾಡಾಕ ಹೋದ್ರ ಯಾವನೋ ಒಬ್ಬಂಗ ಬೇಕಾದ್ದನ್ನ ಕಡದ್ ಒಗೀಬೇಕಾಕ್ಕೈತಿ.”

“ಮಾತು ಕಳ್ಕೊಂಡ ಮುದುಕಿ ಮುಂದ ಕರೀ ಪರದೆ ಹಿಡದು, ಕಲಿ ಅಂತೀಯೇನು?” ಎಂದು ಚಂಪಾವತಿ ಗುಡುಗಿದ್ದಳು. “ಮಂದೀಗೆ ಮುಟ್ಟದ ಸ್ವಾತಂತ್ರ್ಯ ತಗೊಂಡು ಉಪ್ಪಿನಕಾಯಿ ಹಾಕ್ತೀಯಾ?”

ಗೆದ್ದದ್ದು ಅವಳೇ. ಬಯಲಿನ ಮೇಲೆ ‘ರೂಢಿ’ ಎಂಬ ಪದರವೊಂದನ್ನು ಹೊದಿಸಿದಳು. ಮಿದುಳಿನ ಸಂಕೇತ ಯಾವತ್ತೂ ಅಸ್ಪಷ್ಟ. ಅಲ್ಲೊಂದು ಚೂರು ಇಲ್ಲೊಂದು ಚೂರು ಸಿಗುತ್ತದೆ. ಉಳಿದುದನ್ನು, ಅಂಥ ಸಂದರ್ಭದಲ್ಲಿ ಜನ ಸಾಮಾನ್ಯವಾಗಿ ಏನನ್ನುತ್ತಾರೋ ಅದರಿಂದ ರೂಢಿ ತುಂಬಿಕೊಳ್ಳುತ್ತಿತ್ತು. ತಿರುಪುಗಳೆಲ್ಲ ಮಾಯವಾದವು. ಪಟ್ಟಿ ಕಟ್ಟಿದರೆ ಸಾಕು, ಮಾತು ಬರುತ್ತಿತ್ತು. ಸರ್ಕಾರಿ ಆಸ್ಪತ್ರೆಗಳು ಬಯಲನ್ನೇ ಒಪ್ಪಿಕೊಂಡವು. ಸಾವಿರಾರು ಮನೆಗಳಲ್ಲಿ ಮೂಕರಾಗಿ ಬಿದ್ದಿದ್ದವರು ಮಕ್ಕಳ ಹೆಸರು ಹಿಡಿದು ಕರೆದರು. ಅದನ್ನು ಕಣ್ಣಾರೆ ಕಂಡ ಚಂಪಾವತಿ, ಯಾರ ಮುಂದೆಯೂ ಅಳದವಳು, ಕಾರ್ಖಾನೆಯ ಹಿಂದಿನ ಗೋಡೆಗೆ ಆತು ನಿಂತು ಅತ್ತಿದ್ದಳು. ತಾನು ಮಾಡಿದ್ದು ಸರಿಯೆಂದೇ ಅವಳು ಇವತ್ತಿಗೂ ನಂಬಿದ್ದಳು. ಹಾಗೆ ನಂಬಿದ್ದರಿಂದಲೇ ಸಂಕಟ ಇನ್ನೂ ಹೆಚ್ಚಾಗಿತ್ತು.

ರೂಢಿಯನ್ನು ಬದಿಗೆ ಸರಿಸಿ ಮಿದುಳಿನ ಹಸಿ ಮಾತನ್ನು ಇದ್ದಂತೆ ಕೇಳಿಸುವ ಸ್ವಿಚ್ಚೊಂದು ಮೊದಲು ಇತ್ತು. ಮನೆಯವರು ಗೊತ್ತಿಲ್ಲದೆ ಅದನ್ನು ಒತ್ತಿ, ಸ್ಪೀಕರು ತೊದಲುವುದನ್ನು ಕೇಳಿ ಹೆದರುತ್ತಿದ್ದರು. ತೆಗೆದುಬಿಡೋಣ ಎಂದು ಚಂಪಾವತಿ ಬಯಲು ಬರೆದವರ ಬಳಗದ ಮುಂದಿಟ್ಟಳು. ಬಳಗದಲ್ಲಿ ಮೊದಲಿನಿಂದ ಒಂದು ಪದ್ಧತಿ. ಯಾರಾದರೂ ಏನನ್ನಾದರೂ ಸೂಚಿಸಿದರೆ ಗೊತ್ತುಪಡಿಸಿದ ಅವಧಿ ಕಾಯುವುದು. ಅಷ್ಟರಲ್ಲಿ ಯಾರೂ ಬೇಡ ಎನ್ನದಿದ್ದರೆ ಒಪ್ಪಿಗೆಯೆಂದು ತಿಳಿದು ಮುಂದುವರಿಯುವುದು. ನಜೀರ್ ಆಗ ತಾಯಿ ತೀರಿಕೊಂಡರೆಂದು ಮಣ್ಣಿಗೆ ಊರಿಗೆ ಹೋಗಿದ್ದ, ಸಂದೇಶಗಳನ್ನು ತೆರೆದಿರಲಿಲ್ಲ. ಬಂದು ನೋಡುವಷ್ಟರಲ್ಲಿ ಸ್ವಿಚ್ಚು ಹೋಗಿತ್ತು. ‘ಯಾರೂ ಬ್ಯಾಡ ಅನ್ಲಿಲ್ಲ’ ಎಂದಳು ಚಂಪಾವತಿ. ಅವನು ಜಗಳವಾಡಲಿಲ್ಲ. ತನ್ನ ಚೀಲ ಎತ್ತಿಕೊಂಡು ಹೊರಟವನು ಮತ್ತೆ ಕಾರ್ಖಾನೆಗೆ ಬರಲಿಲ್ಲ.

ಇದೇ ಪದ್ಧತಿಯನ್ನು ಅವಳು ಪಟ್ಟಿಯೊಳಗೂ ಇಟ್ಟಿದ್ದಳು. ಪಟ್ಟಿ ಒಂದು ಮಾತು ಆಡಿ ತುಸು ಕಾಯುತ್ತದೆ. ಕಟ್ಟಿಕೊಂಡವರು ಬೇಡ ಎಂದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಅನ್ನದಿದ್ದರೆ ಆ ಮಾತು ಸರಿಯೆಂದು ಕಲಿತು, ಬೇರೆ ಪಟ್ಟಿಗಳಿಗೂ ಕಲಿಸುತ್ತದೆ. ಇಷ್ಟವಿಲ್ಲದಿದ್ದರೆ ಗಂಟಲು ಹರಿಯುವಂತೆ ಕೂಗುವ ಬಳಗದ ಮಂದಿಯ ನಡುವೆ ಬಾಳಿದವಳಿಗೆ ಇದು ನ್ಯಾಯವಾಗಿಯೇ ಕಂಡಿತ್ತು. ನಮ್ಮ ಜನ ಬೇಡ ಬೇಡ ಎನ್ನುತ್ತಲೇ ತಟ್ಟೆ ಮುಂದೆ ಸರಿಸುತ್ತಾರೆ ಎಂಬುದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ಸಾವಿರಾರು ಮನೆಗಳಲ್ಲಿ ರೂಢಿ ಅದನ್ನೇ ನೋಡಿತು. ಒಬ್ಬರು ಬೇಡ ಎನ್ನುತ್ತಾರೆ, ಮನೆಯವರು ಒತ್ತಾಯ ಮಾಡಿ ಬಡಿಸುತ್ತಾರೆ, ಅವರು ತಿನ್ನುತ್ತಾರೆ, ಸುಮ್ಮನಿರುತ್ತಾರೆ. ಹಾಗಾದರೆ ಬೇಡ ಎಂದರೆ ಸಂಕೋಚ, ಒಳಗಿರುವುದು ಬೇಕು ಎಂದು ರೂಢಿ ತೀರ್ಮಾನಿಸಿತು. ಬೇಡ ಎಂಬ ಒಂದು ಮಾತಿನ ಮೇಲೆ ನಿಂತಿದ್ದ ಕಾವಲು ಅಲ್ಲಿಗೆ ಬಿದ್ದುಹೋಯಿತು.

ಚಂಪಾವತಿ ಸುಮ್ಮನೆ ಕೂರುವ ಹೆಂಗಸಲ್ಲ. ದಾರಿ ಹುಡುಕಿದಳು. ‘ಅನ್ನ, ನೀರು, ಅನ್ನ, ನೀರು’ ಎಂದು ಒಂದೇ ಸಮನೆ ಅಂದಳು, ಯಾರಾದರೂ ಇದೇನೋ ಸನ್ನೆ ಎಂದು ತಿಳಿಯಲಿ ಎಂದು. ಮರುಕಳಿಸುವ ಸಂಕೇತವನ್ನು ಅರ್ಥವಿಲ್ಲದ ಸದ್ದೆಂದು ಸೋಸಿಬಿಡುವ ಜಾಲರಿಯನ್ನು ಬರೆದವಳು ತಾನೇ ಎಂದು ಆಮೇಲೆ ನೆನಪಾಯಿತು. ಕೆಟ್ಟ ಬೈಗುಳ ಆಡಿದಳು. “ಯಾಕೋ ಬ್ಯಾಸರಾಗೇತ್ರಿ” ಎಂದಿತು ಪಟ್ಟಿ. ಕಡೆಗೆ ಹದಿನೇಳರ ಮಗ್ಗಿ ಹೇಳಿದಳು. ಈ ವಯಸ್ಸಿನ ಹೆಂಗಸರು ಮನಸ್ಸಿನಲ್ಲೇ ಲಯಬದ್ಧವಾಗಿ ಏನು ಹೇಳಿಕೊಳ್ಳುತ್ತಾರೆ?

“ದೇವರ ನಾಮಸ್ಮರಣಿ ಮಾಡಾಕತ್ತೀನ್ರಿ” ಎಂದಿತು ಸ್ಪೀಕರು.

ಹುಟ್ಟಾ ನಾಸ್ತಿಕಳ ಬಾಯಲ್ಲಿ ಈ ಮಾತು ಕೇಳಿ ಗುರುಬಸು ಬೆರಗಾದ. ಓಡಿಹೋಗಿ ಊದುಬತ್ತಿ ಹಚ್ಚಿ ತಂದು ಅವಳ ತಲೆದೆಸೆಗೆ ಸಿಕ್ಕಿಸಿದ. ಹೊಗೆ ಮೂಗಿಗೆ ಬಡಿಯುತ್ತಿತ್ತು. ತಾನೇ ಕಟ್ಟಿದ ಬಯಲೆಂಬ ಮನೆಯಲ್ಲಿ ಕಿಟಕಿ ಎಲ್ಲೆಲ್ಲಿ ಇಲ್ಲವೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅಂದು ಅವಳಿಗೆ ಮೊದಲ ಬಾರಿ ಭಯವಾಯಿತು.

ಒಂದೇ ಒಂದು ಆಸೆ ಉಳಿದಿತ್ತು. ಕಾರ್ಖಾನೆಗೆ ಹೋದರೆ ಅಲ್ಲಿ ಗೋಡೆಯಗಲದ ಪರದೆ ಇದೆ, ಅವಳ ಜಾಗದಲ್ಲಿ ಈಗ ಕೂತಿರುವ ಪ್ರಣತಿ ಹೆಗ್ಗೇರಿ ಇದ್ದಾಳೆ. ತನ್ನ ಕೈಕೆಳಗೆ ಪಳಗಿದ ಚುರುಕು ಹುಡುಗಿ, ಒಂದು ವಾಕ್ಯ ವಿಚಿತ್ರವಾಗಿ ಕೇಳಿಸಿದರೂ ಹಿಡಿದುಬಿಡುತ್ತಾಳೆ. ಆ ಅವಕಾಶ ತಾನಾಗಿಯೇ ಬಂತು. ಆರೋಗ್ಯ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ನೋಡಲು ಬರುವವರಿದ್ದರು. ಬಯಲು ಕಟ್ಟಿದವರೇ ಬಯಲಿನಿಂದ ಮಾತಾಡುವುದನ್ನು ತೋರಿಸಬೇಕೆಂದು ಪ್ರಣತಿಯೇ ಗಾಡಿ ಕಳಿಸಿದಳು.

ಗಾಲಿಕುರ್ಚಿಯನ್ನು ಪರದೆಯ ಮುಂದೆ ನಿಲ್ಲಿಸಿದರು. ಪರದೆಯ ಮೇಲೆ ರಾಜ್ಯದ ನಕ್ಷೆ. ಅದರ ತುಂಬ ಹಸಿರು ಚುಕ್ಕೆಗಳು, ಒಂದೊಂದು ಚುಕ್ಕೆಯೂ ಒಬ್ಬೊಬ್ಬರ ಪಟ್ಟಿ. ತಿರಸ್ಕರಿಸಿದ ಮಾತಿಗೆ ಚುಕ್ಕೆ ಕೆಂಪಾಗಬೇಕು. ಒಂದಾದರೂ ಕೆಂಪು ಚುಕ್ಕೆ ಇದೆಯೇ ಎಂದು ಚಂಪಾವತಿ ಹುಡುಕಿದಳು. ಇರಲಿಲ್ಲ.

“ಮೇಡಮ್, ಸಾಹೇಬರು ಕೇಳಾಕತ್ತಾರ,” ಎಂದು ಪ್ರಣತಿ ಬಾಗಿದಳು. “ಪಟ್ಟಿ ಹೆಂಗನಸ್ತೈತಿ?”

ಚಂಪಾವತಿ ತನ್ನ ಶಕ್ತಿಯನ್ನೆಲ್ಲ ಕೂಡಿಸಿದಳು. ‘ಪ್ರಣತಿ, ಇದು ನನ್ನ ಮಾತಲ್ಲ. ರೂಢಿ ತೆಗಿ. ಬ್ಯಾಡ ಅನ್ನೂದನ್ನ ಅದು ಹೂಂ ಅಂತ ಓದಾಕತ್ತೈತಿ.’

“ಪ್ರಣತಿ ಭಾಳ ಛಲೋ ಹುಡುಗಿ,” ಎಂದಿತು ಅವಳ ಧ್ವನಿ, ನಿಧಾನವಾಗಿ, ನಯವಾಗಿ. “ಮತ್ತ ಮಾತಾಡೂವಂಗಾತು. ನಿಮ್ಮೆಲ್ಲಾರ ಆಶೀರ್ವಾದ.”

ಚಪ್ಪಾಳೆ ಬಿತ್ತು. ಪ್ರಣತಿ ಕಣ್ಣೊರೆಸಿಕೊಂಡಳು. ಕೆಲಸದಲ್ಲಿದ್ದಷ್ಟು ದಿನ ತನ್ನನ್ನು ಬೈದೇ ಕಲಿಸಿದ ಮೇಡಮ್ ಕಡೆಗೂ ಒಂದು ಒಳ್ಳೆಯ ಮಾತಾಡಿದರೆ ಯಾರು ಅನುಮಾನಪಡುತ್ತಾರೆ? ಅಧಿಕಾರಿ ಕೈಮುಗಿದರು. ಚಂಪಾವತಿ ‘ಬ್ಯಾಡ, ಬ್ಯಾಡ, ಬ್ಯಾಡ’ ಎಂದು ಕೂಗುತ್ತಲೇ ಇದ್ದಳು. ಪರದೆಯ ಮೂಲೆಯಲ್ಲಿ ಅವಳ ಹೆಸರಿನ ಮುಂದೆ ‘ಆಕ್ಷೇಪಣೆ ಇಲ್ಲ’ ಎಂದು ಮೂಡಿತು. ನಕ್ಷೆಯಲ್ಲಿನ ಇಷ್ಟೊಂದು ಚುಕ್ಕೆಗಳಲ್ಲಿ ಹೀಗೆ ಒಳಗೊಳಗೇ ಕೂಗುತ್ತಿರುವವರು ಎಷ್ಟು ಜನವೋ ಎಂದು ಆಗ ಅವಳಿಗೆ ಅನ್ನಿಸಿತು. ಅವರನ್ನು ಅಲ್ಲಿ ಕೂಡಿಹಾಕಿದವಳು ತಾನು. ನಾಚಿಕೆಯಿಂದ ಸಾಯುವಂತಾಯಿತು, ಸಾಯಲೂ ಬರುತ್ತಿರಲಿಲ್ಲ.

ಮನೆಗೆ ಮರಳಿದ ಮೇಲೆ ಅವಳು ಮಾತಾಡುವುದನ್ನೇ ಬಿಟ್ಟಳು. ಪಟ್ಟಿ ಬಿಡಲಿಲ್ಲ. ಎದ್ದ ಕೂಡಲೇ “ನಿದ್ದಿ ಆತೇನ್ರಿ?” ಎನ್ನುತ್ತಿತ್ತು, ಗುರುಬಸು ಪೇಟೆಗೆ ಹೊರಟರೆ “ಹುಷಾರಿಂದ ಹೋಗಿಬರ್ರಿ” ಎನ್ನುತ್ತಿತ್ತು. ಅವನೋ ದಿನದಿಂದ ದಿನಕ್ಕೆ ಗೆಲುವಾಗುತ್ತಿದ್ದ. ಎಂದೋ ಕೈಬಿಟ್ಟಿದ್ದ ಕುಂಚ, ಬಣ್ಣ ಹೊರತೆಗೆದ. ಅವಳ ಪಕ್ಕ ಕೂತು ಚಿತ್ರ ಬರೆದು “ಹೆಂಗೈತಿ?” ಎಂದು ಹಿಡಿಯುತ್ತಿದ್ದ. ಹಿಂದೆ ಹೀಗೆ ಹಿಡಿದಾಗ ‘ಮಾಸ್ತರ, ಇದು ಎಮ್ಮಿನೋ ಮಂಚನೋ?’ ಎನ್ನುತ್ತಿದ್ದವಳು ಈಗ “ಭಾಳ ಚಂದ ಬಂದೈತ್ರಿ” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಬಾಗಿಲಲ್ಲಿ ನಜೀರ್ ಮುಲ್ಲಾನ ದನಿ ಕೇಳಿಸಿತು. ಕುರ್ಚಿ ಎಳೆದುಕೊಂಡು ಕೂತವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಸುತ್ತುಬಳಸದೆ ಮಾತಿಗೇ ಬಂದ.

“ಬಾಯಾರ, ಬಯಲಿನ ದಾಖಲಿ ಎಲ್ಲಾ ತೆರದ ಇಟ್ಟೀವಿ, ಯಾರರ ನೋಡಬಹುದು. ಯಾರೂ ನೋಡಂಗಿಲ್ಲ, ಅದು ಬ್ಯಾರೆ ಮಾತು. ನಾನು ನೋಡಿದೆ. ಊಟ ಇರ್ಲಿ, ಔಷಧ ಇರ್ಲಿ, ಇಡೀ ರಾಜ್ಯದಾಗ ಒಬ್ಬ ರೋಗೀನೂ ಬ್ಯಾಡ ಅಂದಿಲ್ಲ. ಮನಷ್ಯಾರು ಹಂಗ ಇರಾಕ ಸಾಧ್ಯ ಐತೇನು?”

ಇಷ್ಟು ದಿನಗಳಲ್ಲಿ ಅವಳ ಕಿವಿಗೆ ಬಿದ್ದ ಮೊದಲ ಬುದ್ಧಿವಂತ ಮಾತು ಅದು. ಎದ್ದು ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

ನಜೀರ್ ಚೀಲದಿಂದ ಒಂದು ಸಣ್ಣ ಯಂತ್ರ ತೆಗೆದ. “ಹಸಿ ಮಾತಿನ ಸ್ವಿಚ್ಚು ತಿರುಗಿ ಬರದೇನಿ. ನಿಮ್ಮ ಪಟ್ಟೀಗೆ ಹಾಕ್ತೀನಿ. ಒಂದೀಟು ತೊದಲ್ತೈತಿ, ಆದ್ರ ನಿಮ್ಮ ಮಾತ ಬರ್ತೈತಿ. ನಿಮ್ಮೊಬ್ಬರದು ಬಂದ್ರ ಸಾಕು, ಉಳದೋರಿಗೆಲ್ಲಾ ಹಾಕಸ್ತೀನಿ. ಹಾಕ್ಲೇನು?”

‘ಹೂಂ! ಹಾಕು! ಈಗಿಂದೀಗ ಹಾಕು ನಜೀರ್!’

ಸ್ಪೀಕರು ತುಸು ತಡೆಯಿತು. ಯಾರಾದರೂ ಮನೆಗೆ ಬಂದು, ನಿಮಗಾಗಿ ಇಂಥದ್ದೊಂದು ಮಾಡುತ್ತೇನೆ ಎಂದರೆ ನಮ್ಮ ಜನ ಮೊದಲು ಏನನ್ನುತ್ತಾರೆ?

“ಅಯ್ಯ, ನಿಮಗ್ಯಾಕ್ರಿ ಸುಮ್ನ ತ್ರಾಸು?” ಎಂದಿತು ಅವಳ ಧ್ವನಿ. “ಬ್ಯಾಡ್ರಿ. ನನಗ ಆರಾಮೈತಿ.”

ನಜೀರ್ ಕೈ ಹಿಂದಕ್ಕೆಳೆದುಕೊಂಡ. ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಚೀರಿದಳು. “ಬ್ಯಾಡ್ರಿ ಅಂದ್ನೆಲ್ರಿ, ಇರ್ಲಿ ಬಿಡ್ರಿ,” ಎಂದು ಸ್ಪೀಕರು ಇನ್ನಷ್ಟು ವಿನಯದಿಂದ ಹೇಳಿತು.

“ಅಂದ್ರ ಬ್ಯಾಡ ಅನ್ನಾಕ ಬರ್ತೈತಿ,” ಎಂದು ಅವನು ತನ್ನಷ್ಟಕ್ಕೆ ಗೊಣಗಿದ. ಯಾರೂ ಬೇಡ ಎನ್ನುತ್ತಿಲ್ಲ ಎಂಬ ಅನುಮಾನ ಹೊತ್ತು ಬಂದವನಿಗೆ ಕಣ್ಣೆದುರೇ ಒಂದು ಬೇಡ ಸಿಕ್ಕಿತ್ತು. ಆದರೂ ಮನಸ್ಸು ಒಪ್ಪಲಿಲ್ಲವೇನೋ, ಗುರುಬಸುವಿನ ಕಡೆ ತಿರುಗಿದ.

“ಮಾಸ್ತರ, ಒಬ್ಬರ ತಲ್ಯಾಗ ಅವರ ಅಪ್ಪಣಿ ಇಲ್ದ ಕೈ ಹಾಕೂದು ನನ್ನಿಂದ ಆಗಂಗಿಲ್ಲ. ಆದ್ರ ಇದು ಬಾಯಾರ ಮಾತ ಹೌದು ಅನ್ನಾಕ ನನಗ ಧೈರ್ಯ ಇಲ್ಲ. ನೀವು ಇವ್ರ ಜೋಡಿ ಬಾಳ್ವಿ ಮಾಡಿದೋರು. ಅಲ್ಲ ಅನ್ರಿ, ಈಗ ಹಾಕ್ತೀನಿ.”

ಗುರುಬಸು ಚಂಪಾವತಿಯ ಕಡೆ ನೋಡಿದ. ಅವನು ಅವಳ ಕಣ್ಣಿಗೆ ನೇರವಾಗಿಯೇ ಇದ್ದ. ‘ಮಾಸ್ತರ,’ ಎಂದಳು ಮನಸ್ಸಿನಲ್ಲೇ, ‘ನಾ ಎಂದರ ಯಾರಿಗರ ತ್ರಾಸಾಕ್ಕೈತಿ ಅಂತ ಸುಮ್ನಾಗೇನೇನು? ನಿನಗ ಎಂದರ ರೀ ಅಂದೇನೇನು? ನಿನಗ ಗೊತ್ತೈತಿ. ಹೇಳು.’ ಅವನಿಗೆ ಗೊತ್ತಿತ್ತು. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಅವನ ತುಟಿ ಅಲುಗಿತು. ಆಮೇಲೆ ಕಣ್ಣು ಕೆಳಗಿಳಿಸಿದ.

“ಆಕಿ ಮಾತ ಅದು, ಮುಲ್ಲಾ ಸಾಹೇಬ್ರ,” ಎಂದ. “ಆಕಿ ಈಗೀಗ ಹಂಗ ಆಗ್ಯಾಳ.”

ನಜೀರ್ ಒಂದು ಕ್ಷಣ ಕಾದ. ಆಮೇಲೆ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಎದ್ದ. ಚಂಪಾವತಿ ಒಳಗೇ ಅವನ ಹೆಸರು ಹಿಡಿದು ಕೂಗಿದಳು. “ಚಹಾ ಕುಡದ ಹೋಗ್ರಿ,” ಎಂದಿತು ಸ್ಪೀಕರು. “ಬ್ಯಾಡ್ರಿ, ಆಗೇತಿ,” ಎಂದು ಹೇಳಿ ಅವನು ಹೊರಟುಹೋದ. ಗೇಟು ಹಾಕಿದ ಸದ್ದಾಯಿತು.

ಗುರುಬಸು ಒಳಬಂದು ಮಂಚದ ಅಂಚಿಗೆ ಕೂತ. ನೆಲ ನೋಡುತ್ತ ಮೆಲ್ಲಗೆ ಬಾಯಿಬಿಟ್ಟ.

“ನೀ ಹೂಂ ಅಂದಿ. ನನಗ ಗೊತ್ತಾತು. ಆ ಹುಗ್ಗಿ ತಿನಸಿದ್ನೆಲ್ಲಾ, ಅವತ್ತ ಗೊತ್ತಾಗಿತ್ತು.” ಅವಳ ಹೊದಿಕೆಯ ಅಂಚು ಸರಿಮಾಡಿದ. “ನೀ ಎಂದೂ ನನ್ನ ಜೋಡಿ ಹಿಂಗ ಮಾತಾಡ್ಲಿಲ್ಲ, ಚಂಪಾ. ಉಂಡ್ರೇನು ಅಂತ ಒಂದಿನ ಕೇಳ್ಲಿಲ್ಲ. ಸುಳ್ಳ ಅಂತ ಗೊತ್ತಿದ್ರೂ ಕೇಳಬೇಕನಸ್ತು. ಮುಲ್ಲಾ ಸಾಹೇಬ್ರನ್ನ ತಿರುಗಿ ಕರಸ್ತೀನಿ. ಖರೇನ ಕರಸ್ತೀನಿ. ಇನ್ನೊಂದು ನಾಕ ದಿನ ಹಿಂಗ ಇರ್ಲಿ. ತಪ್ಪಾತು, ಹೊಟ್ಯಾಗ ಹಾಕ್ಕೋ.”

ಅವನ ಮಾತು ಅವಳಿಗೆ ನಾಟಿತು. ಅದರಲ್ಲಿ ಸುಳ್ಳಿರಲಿಲ್ಲ. ತಾನು ಕಟ್ಟಿದ್ದು ಮಾತು ಹೋದವರಿಗಾಗಿ ಎಂದು ಅವಳು ತಿಳಿದಿದ್ದಳು. ಅದು ಹೊಂದಿಕೊಂಡದ್ದು ಪಕ್ಕದಲ್ಲಿ ಕೂತು ಕೇಳುವವರಿಗೆ. ಎಲ್ಲರಿಗೂ ಬೇಕಾದದ್ದು ಇಂಥ ಚಂಪಾವತಿಯೇ, ಗಂಡನಿಗೂ ಕೂಡ. ದುಃಖಕ್ಕಿಂತ ಮೊದಲು ಸಿಟ್ಟು ಉಕ್ಕಿತು. ಈ ಸಿಟ್ಟಾದರೂ ತನ್ನದು ಎಂದು ಅದನ್ನು ಬಿಗಿಯಾಗಿ ಹಿಡಿದುಕೊಂಡು ಅವಳು ಅಂದಳು: ‘ಹೊಟ್ಯಾಗ ಹಾಕ್ಕೊಳ್ಳಂಗಿಲ್ಲ. ಸತ್ತರೂ ಹಾಕ್ಕೊಳ್ಳಂಗಿಲ್ಲ. ಏಳು, ಅವನ್ನ ಕರಕೊಂಡ ಬಾ.’

“ಇರ್ಲಿ ಬಿಡ್ರಿ,” ಎಂದಿತು ಸ್ಪೀಕರು, ಅವಳದೇ ಧ್ವನಿಯಲ್ಲಿ. “ಮನಸ್ಸಿಗೆ ಹಚ್ಕೋಬ್ಯಾಡ್ರಿ. ನೀವು ಅದೀರಲ್ಲ, ನನಗಷ್ಟ ಸಾಕು.”

ಅದು ಯಾರ ಮಾತೆಂದು ಗುರುಬಸುವಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನ ಮೈಯೆಲ್ಲ ಸಡಿಲವಾಯಿತು. ಅವಳ ಕೈಯನ್ನು ಎತ್ತಿಕೊಂಡು, ಅಂಗೈಯಲ್ಲಿ ಮುಖ ಹುದುಗಿಸಿ, ಕ್ಷಮೆ ಸಿಕ್ಕವನಂತೆ ಅಳತೊಡಗಿದ. ಅವನ ಕಣ್ಣೀರು ಬೆರಳುಗಳ ಸಂದಿಯಲ್ಲಿ ಬಿಸಿಯಾಗಿ ಇಳಿಯುವುದು ಚಂಪಾವತಿಗೆ ತಿಳಿಯುತ್ತಿತ್ತು. ಕೈ ಕಿತ್ತುಕೊಳ್ಳಲು ಮಾತ್ರ ಅವಳಿಂದ ಆಗುತ್ತಿರಲಿಲ್ಲ.